ಭೌತಶಾಸ್ತ್ರದಿಂದ ಸಸ್ಯಲೋಕಕ್ಕೆ: ಸರ್ ಜಗದೀಶಚಂದ್ರ ಬೋಸ್

ಭಾರತದ ಹೆಸರಾಂತ ವಿಜ್ಞಾನಿ ಜಗದೀಶಚಂದ್ರ ಬೋಸ್ ಅವರು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶದಲ್ಲಿರುವ ಮೈಮನ್‌ಸಿಂಗ್‌ನಲ್ಲಿ ಜನಿಸಿದರು. ತಂದೆ ಭಗವಾನ್ ಚಂದ್ರರು ಸರಕಾರಿ ಅಧಿಕಾರಿ, ಬ್ರಹ್ಮಸಮಾಜದವರು. ಮಗ ಮೊದಲು ತಾಯಿನುಡಿಯಲ್ಲೇ ಕಲಿಯಬೇಕೆಂದು ಅವರನ್ನು ಬಂಗಾಳಿ ಶಾಲೆಗೆ ಸೇರಿಸಿದರು.

ಮುಂದೆ ಕಲ್ಕತ್ತದ ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಬೋಸ್ ಅವರಿಗೆ ಒಳ್ಳೆಯ ಗುರುವೊಬ್ಬರು ದೊರೆತರು. ಅವರೇ ಬೆಲ್ಜಿಯಂ ದೇಶದ ಯೇಸುಸಭೆಯ ಗುರು ವಂದನೀಯ ಫಾ. ಯುಜೀನ್ ಲಾಫೊಂ. ಉಪಕರಣಗಳನ್ನು ಎದುರಿಗಿಟ್ಟು, ಪ್ರಯೋಗ ಮಾಡಿ ತೋರಿಸಿ ಭೌತಶಾಸ್ತ್ರ ಕಲಿಸುವುದು ಅವರ ಪದ್ಧತಿ. ಬೋಸ್ ಅವರಲ್ಲಿ ಪ್ರಯೋಗದ ಆಸಕ್ತಿ ಬೆಳೆದದ್ದು ಅಲ್ಲಿಯೇ.

ವೈದ್ಯಕೀಯ ಕಲಿಯಲು 1880ರಲ್ಲಿ ಲಂಡನ್ನಿಗೆ ಹೋದ ಬೋಸ್, ಅನಾರೋಗ್ಯದಿಂದ ಅದನ್ನು ಬಿಟ್ಟು ಕೇಂಬ್ರಿಜ್‌ನಲ್ಲಿ ವಿಜ್ಞಾನ ಓದಿದರು. 1885ರಲ್ಲಿ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಯುರೋಪಿಯನ್ನರಿಗಿಂತ ಕಡಿಮೆ ಸಂಬಳ ಗೊತ್ತುಪಡಿಸಿದ್ದನ್ನು ಕಂಡು, ಮೂರು ವರ್ಷ ಸಂಬಳ ಮುಟ್ಟದೆ ಪಾಠ ಮಾಡಿದರು. ಕೊನೆಗೆ ಬಾಕಿ ಸಮೇತ ಪೂರ್ಣ ಸಂಬಳ ದೊರೆಯಿತು.

ಅಲ್ಲಿ ಅವರು ಕೆಲವೇ ಮಿಲಿಮೀಟರ್ ಉದ್ದದ ವಿದ್ಯುತ್ಕಾಂತೀಯ ಅಲೆಗಳ ಬಗ್ಗೆ ಸಂಶೋಧನೆ ನಡೆಸಿದರು. ಸುಮಾರು 1899ರ ಹೊತ್ತಿಗೆ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬಿತ್ತು. ಅಲೆಗಳನ್ನು ಗುರುತಿಸುವ ಲೋಹದ ಉಪಕರಣ ಸತತ ಬಳಕೆಯಿಂದ ಮಂಕಾಗುತ್ತಿತ್ತು. ವಿಶ್ರಾಂತಿ ಕೊಟ್ಟರೆ ಮತ್ತೆ ಚುರುಕಾಗುತ್ತಿತ್ತು. ದಣಿದ ಸ್ನಾಯುವೂ ಹೀಗೆಯೇ ಅಲ್ಲವೇ? ಹಾಗಾದರೆ ಸಸ್ಯಗಳು? ಈ ಪ್ರಶ್ನೆಯೇ ಅವರನ್ನು ಜೀವಭೌತಶಾಸ್ತ್ರಕ್ಕೆ ಕರೆತಂದಿತು.

ದಾರಿ ಸುಲಭವಾಗಿರಲಿಲ್ಲ. 1901ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಹಿರಿಯ ಶರೀರಶಾಸ್ತ್ರಜ್ಞರು ಅವರ ವಾದವನ್ನು ವಿರೋಧಿಸಿದರು. ಪ್ರಬಂಧ ಆಗ ಪ್ರಕಟವಾಗಲಿಲ್ಲ. ತಮಗೆ ಹೆಸರು ತಂದ ಕ್ಷೇತ್ರಕ್ಕೆ ಮರಳುವುದು ಬೋಸ್ ಅವರಿಗೆ ಕಷ್ಟವಿರಲಿಲ್ಲ. ಆದರೆ ಅವರು ವಾದಕ್ಕೆ ಇನ್ನಷ್ಟು ಸೂಕ್ಷ್ಮ ಉಪಕರಣಗಳಿಂದಲೇ ಉತ್ತರ ಕೊಡಲು ಹೊರಟರು. ಮುಟ್ಟಿದರೆ ಮುನಿ ಗಿಡದಲ್ಲಿ ಸಾಗುವ ವಿದ್ಯುತ್ ಸಂಕೇತವನ್ನು ಅಳೆದರು. ಗಿಡದ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ರಚಿಸಿದರು. 1917ರಲ್ಲಿ ಕಲ್ಕತ್ತದಲ್ಲಿ ಬೋಸ್ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. 1920ರಲ್ಲಿ ಅದೇ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು.

1937ರ ನವೆಂಬರ್ 23ರಂದು ಗಿರಿಡೀಹ್‌ನಲ್ಲಿ ಅವರು ನಿಧನರಾದರು. ಅವರ ಎಲ್ಲ ತೀರ್ಮಾನಗಳನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೆ ಸಸ್ಯಗಳಲ್ಲಿ ವಿದ್ಯುತ್ ಸಂಕೇತಗಳು ಹರಿಯುತ್ತವೆ ಎಂಬುದು ಈಗ ಸ್ಥಿರಪಟ್ಟ ಸತ್ಯ. ತರಗತಿಯಲ್ಲಿ ಶ್ರದ್ಧೆಯಿಂದ ಪ್ರಯೋಗ ಮಾಡಿ ತೋರಿಸುವ ಗುರುವಿನ ಶ್ರಮ ಎಷ್ಟು ದೂರ ಫಲ ಕೊಡಬಲ್ಲದು ಎಂಬುದಕ್ಕೆ ಈ ಶಿಷ್ಯನ ಬದುಕೇ ಸಾಕ್ಷಿ.