ಅಳೆದು ತೂಗಿ ಬರೆದ ಇಮಾಮ್ ನವವಿ (ರ)

ರಮಳಾನ್ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಉಮ್ಮನ ಬಳೆಗೆ, ಸೊಸೆಯ ಸರಕ್ಕೆ ಝಕಾತ್ ಉಂಟಾ, ಇಲ್ಲವಾ? ಮೊಬೈಲಿಗೆ ಬಂದ ಒಂದು ಆಡಿಯೋದಲ್ಲಿ ಉಂಟು ಅಂತಾರೆ, ಇನ್ನೊಂದರಲ್ಲಿ ಇಲ್ಲ ಅಂತಾರೆ. ಹೇಳಿದವರು ಯಾರು, ಯಾವ ಕಿತಾಬಿನಿಂದ, ಯಾವ ಮದ್‌ಹಬ್ ಪ್ರಕಾರ ಎಂಬುದು ಎರಡರಲ್ಲೂ ಇರುವುದಿಲ್ಲ. ಶಾಫಿಈ ಮದ್‌ಹಬಿನ ನಾವು ಈ ಪ್ರಶ್ನೆ ಹಿಡಿದು ಹೊರಟರೆ ಕೊನೆಗೆ ಹೋಗಿ ನಿಲ್ಲುವುದು ಏಳೂವರೆ ಶತಮಾನದ ಹಿಂದೆ ಸಿರಿಯಾದಲ್ಲಿ ಬದುಕಿದ್ದ ಇಮಾಮ್ ಯಹ್ಯಾ ಬಿನ್ ಶರಫ್ ಅನ್ನವವಿ (ರ) ಅವರ ಬರಹದ ಮುಂದೆ. ಹೆಚ್ಚಿನವರಿಗೆ ಅವರು ಗೊತ್ತಿರುವುದು ನಲ್ವತ್ತು ಹದೀಸಿನಿಂದ, ರಿಯಾಳುಸ್ಸಾಲಿಹೀನ್‌ನಿಂದ. ಹಣಕಾಸಿನ ಮಸ್‌ಅಲ ಬರೆಯುವಾಗ ಅವರು ಎಷ್ಟು ಜಾಗ್ರತೆ ವಹಿಸಿದ್ದರು ಎಂಬುದು ದರ್ಸಿನಿಂದ ಹೊರಗೆ ಅಷ್ಟಾಗಿ ಬಂದಿಲ್ಲ.

ಹಿಜರಿ 631ರಲ್ಲಿ, ಅಂದರೆ ಕ್ರಿ.ಶ. 1233ರಲ್ಲಿ, ದಮಸ್ಕಸ್‌ನ ದಕ್ಷಿಣಕ್ಕಿರುವ ಹೌರಾನ್ ಸೀಮೆಯ ನವಾ ಎಂಬ ಊರಿನಲ್ಲಿ ಜನನ. ತಂದೆಗೆ ಒಂದು ಅಂಗಡಿ ಇತ್ತು. ಮಗನನ್ನೂ ಅದರಲ್ಲಿ ಕೂರಿಸಿದರು. ಮಗನಿಗೆ ವ್ಯಾಪಾರ ಹತ್ತಲಿಲ್ಲ, ಗಿರಾಕಿಗಳ ನಡುವೆಯೂ ಕುರ್‌ಆನ್ ಓದುತ್ತಲೇ ಇದ್ದರು. ಸುಮಾರು ಹತ್ತರ ಪ್ರಾಯದ ಆ ಬಾಲಕನನ್ನು ಕಂಡ ಶೈಖ್ ಯಾಸೀನ್ ಮರಾಕುಶಿ ಎಂಬವರು ಅವರಿಗೆ ಕಲಿಸುತ್ತಿದ್ದ ಉಸ್ತಾದರನ್ನು ಹುಡುಕಿ ಹೋಗಿ, ಈ ಹುಡುಗನ ಮೇಲೆ ವಿಶೇಷ ಗಮನ ಇಡಬೇಕು ಎಂದು ಹೇಳಿದರಂತೆ. ಆ ಮಾತು ತಂದೆಯ ಕಿವಿಗೂ ಬಿತ್ತು.

ಹಿಜರಿ 649ರಲ್ಲಿ ತಂದೆ ಅವರನ್ನು ದಮಸ್ಕಸ್‌ಗೆ ಕರೆತಂದರು. ರವಾಹಿಯ್ಯ ಮದ್ರಸದ ಒಂದು ಕೋಣೆ, ಮದ್ರಸ ಕೊಡುವ ರೊಟ್ಟಿ, ದಿನಕ್ಕೆ ಹನ್ನೆರಡು ಪಾಠ. ಶಾಫಿಈ ಫಿಕ್ಹ್‌ನ ತಂಬೀಹ್ ಕಿತಾಬನ್ನು ನಾಲ್ಕೂವರೆ ತಿಂಗಳಲ್ಲಿ ಬಾಯಿಪಾಠ ಮಾಡಿದರು. ನಡುವೆ ಒಮ್ಮೆ ವೈದ್ಯಶಾಸ್ತ್ರ ಕಲಿಯುವ ಮನಸ್ಸಾಗಿ ಇಬ್ನುಸೀನಾರ ಗ್ರಂಥ ಕೊಂಡರು, ಮನಸ್ಸು ಒಗ್ಗದೆ ಮಾರಿಬಿಟ್ಟರು. ಮದುವೆ ಆಗಲಿಲ್ಲ.

ಸ್ವಂತ ಹಣದ ವಿಷಯದಲ್ಲಿ ಅವರ ಲೆಕ್ಕ ಕಟ್ಟುನಿಟ್ಟು. ಹಿಜರಿ 665ರಲ್ಲಿ ದಮಸ್ಕಸ್‌ನ ದಾರುಲ್ ಹದೀಸ್ ಅಶ್ರಫಿಯ್ಯದ ಮುಖ್ಯಸ್ಥರಾದ ಮೇಲೂ ಅಲ್ಲಿನ ಸಂಬಳ ತಮಗಾಗಿ ಬಳಸಲಿಲ್ಲ. ನವಾದಿಂದ ತಂದೆತಾಯಿ ಕಳಿಸಿದ್ದರಲ್ಲೇ ಊಟ. ದಮಸ್ಕಸ್ ಎಂದರೆ ಹಣ್ಣಿನ ತೋಟಗಳ ಊರು, ಆದರೆ ಅಲ್ಲಿನ ಹಣ್ಣು ಅವರು ತಿನ್ನುತ್ತಿರಲಿಲ್ಲ. ಕಾರಣ ಕೇಳಿದ ಶಿಷ್ಯ ಇಬ್ನುಲ್ ಅತ್ತಾರರಿಗೆ ಸಿಕ್ಕ ಉತ್ತರ ಹೀಗೆ: ಆ ತೋಟಗಳಲ್ಲಿ ಬಹಳಷ್ಟು ವಕ್ಫ್ ಆಸ್ತಿ, ಇನ್ನು ಕೆಲವು ಸ್ವಂತ ವ್ಯವಹಾರ ಮಾಡಲಾಗದವರ ಪರವಾಗಿ ಬೇರೆಯವರು ನೋಡಿಕೊಳ್ಳುವ ಆಸ್ತಿ. ಮೇಲಾಗಿ ಅಲ್ಲಿ ನಡೆಯುವ ಪಾಲು ಸಾಗುವಳಿಯ ಕರಾರಿನ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಇದೆ. ನೋಡಿ, ಹಣ್ಣು ಹರಾಂ ಎಂದು ಅವರು ಊರಿಗೆಲ್ಲ ಸಾರಲಿಲ್ಲ. ತಮ್ಮ ಸೂಕ್ಷ್ಮವನ್ನು ತಮಗೇ ಇಟ್ಟುಕೊಂಡರು, ಜನರಿಗೆ ಹೇಳುವಾಗ ಮದ್‌ಹಬ್ ಏನು ಹೇಳುತ್ತದೋ ಅಷ್ಟನ್ನೇ ಹೇಳಿದರು. ಇಂದು ಈ ವ್ಯತ್ಯಾಸ ತಿಳಿಯದ ಭಾಷಣಗಳು ಎಷ್ಟಿಲ್ಲ!

ಅವರ ಕಾಲಕ್ಕೆ ಶಾಫಿಈ ಮದ್‌ಹಬಿನ ಕಿತಾಬುಗಳು ರಾಶಿ ಬಿದ್ದಿದ್ದವು. ಒಬ್ಬರ ಕಿತಾಬಿನಲ್ಲಿ ಒಂದು, ಇನ್ನೊಬ್ಬರದರಲ್ಲಿ ಇನ್ನೊಂದು. ಇಮಾಮ್ ರಾಫಿಈಯವರ ಮುಹರ್ರರ್ ಗ್ರಂಥವನ್ನು ಸಂಗ್ರಹಿಸಿ ಮಿನ್ಹಾಜ್ ಬರೆಯುವಾಗ ನವವಿಯವರು ಆರಂಭದಲ್ಲೇ ತಮ್ಮ ಪದಗಳ ಅರ್ಥ ಹೇಳಿಬಿಟ್ಟರು. ಅಳ್‌ಹರ್ ಎಂದರೆ ಇಮಾಮ್ ಶಾಫಿಈಯವರದೇ ಮಾತುಗಳ ನಡುವೆ ಆರಿಸಿದ್ದು, ಎದುರಿನ ಮಾತಿಗೂ ಬಲ ಇದೆ. ಮಶ್‌ಹೂರ್ ಎಂದರೆ ಎದುರಿನದು ದುರ್ಬಲ. ಅಸಹ್ಹ್ ಎಂದರೆ ಇಮಾಮರ ನಂತರದ ಉಲಮಾಗಳ ಅಭಿಪ್ರಾಯಗಳ ನಡುವಿನ ಆಯ್ಕೆ. ಖೀಲ ಎಂದು ಬಂದರೆ ಅದು ಬಲವಿಲ್ಲದ ಅಭಿಪ್ರಾಯ. ರಾಫಿಈಯವರ ಮಾತಿಗೆ ತಮ್ಮದನ್ನು ಸೇರಿಸಬೇಕಾದಲ್ಲಿ, ಇದು ನನ್ನ ಮಾತು ಎಂಬ ಗುರುತು ಹಾಕಿ ಶುರು ಮಾಡಿ, ಅಲ್ಲಾಹನೇ ಬಲ್ಲ ಎಂಬರ್ಥದ ಪದದಿಂದ ಮುಗಿಸಿದರು. ಯಾರ ಮಾತು ಎಲ್ಲಿ ಮುಗಿಯಿತು, ಯಾರದ್ದು ಎಲ್ಲಿ ಶುರುವಾಯಿತು ಎಂಬ ಗೊಂದಲ ಓದುಗನಿಗೆ ಇಲ್ಲ.

ಈಗ ಉಮ್ಮನ ಬಳೆಗೆ ಬರೋಣ. ಹೆಂಗಸರು ಧರಿಸಲು ಇಟ್ಟುಕೊಂಡ, ಮಿತಿ ಮೀರದ ಆಭರಣಕ್ಕೆ ಝಕಾತ್ ಇಲ್ಲ ಎಂದು ಮಿನ್ಹಾಜ್‌ನಲ್ಲಿದೆ, ಮತ್ತು ಅಲ್ಲಿ ಹಾಕಿರುವ ಗುರುತು ಅಳ್‌ಹರ್. ಹಾಗಾಗಿ ಝಕಾತ್ ಉಂಟು ಎನ್ನುವ ಮಾತೂ ಬುಡವಿಲ್ಲದ್ದಲ್ಲ. ಹನಫೀ ಮದ್‌ಹಬಿನಲ್ಲಿ ಉಂಟು ಎಂದೇ ತೀರ್ಪು. ಧರಿಸಲಿಕ್ಕಲ್ಲ, ಕೂಡಿಡಲಿಕ್ಕೆ ಎಂದೇ ಲಾಕರಿನಲ್ಲಿಟ್ಟ ಚಿನ್ನಕ್ಕಾದರೆ ನಮ್ಮಲ್ಲೂ ಝಕಾತ್ ಇದೆ. ಎರಡು ಆಡಿಯೋಗಳ ಜಗಳ ಒಂದು ಗುರುತಿನ ಪದದಿಂದ ಬಿಡಿಸಿಕೊಳ್ಳುತ್ತದೆ.

ಮಜ್‌ಮೂಅ್ ಎಂಬ ದೊಡ್ಡ ಗ್ರಂಥದ ಮುನ್ನುಡಿಯಲ್ಲಿ ಅವರು ಫತ್ವಾ ಕೊಡುವವರಿಗೂ ಕೇಳುವವರಿಗೂ ನಿಯಮ ಬರೆದರು. ಒಂದೆರಡು ಕಿತಾಬು ನೋಡಿ ಇದೇ ಮದ್‌ಹಬ್ ಎನ್ನಬಾರದು. ಸಿಟ್ಟು, ಹಸಿವು, ನಿದ್ದೆ ಇರುವಾಗ ಉತ್ತರಿಸಬಾರದು. ಕೇಳಿದವನಿಂದ ಫತ್ವಾಗೆ ಕೂಲಿ ಪಡೆಯಬಾರದು. ಚೀಟಿಯಲ್ಲಿ ಖಾಲಿ ಜಾಗ ಬಿಡಬಾರದು, ಆಮೇಲೆ ಯಾರಾದರೂ ಏನಾದರೂ ಸೇರಿಸಿಯಾರು. ಆಣೆ, ಸಾಲ ಒಪ್ಪಿಕೊಳ್ಳುವ ಮಾತು ಇತ್ಯಾದಿಗಳಲ್ಲಿ ಆ ಊರಿನ ಜನ ಆ ಪದವನ್ನು ಯಾವ ಅರ್ಥದಲ್ಲಿ ಆಡುತ್ತಾರೆ ಎಂದು ಗೊತ್ತಿಲ್ಲದವನು ತೀರ್ಪು ಹೇಳಬಾರದು. ತಪ್ಪಿದ್ದು ಗೊತ್ತಾದರೆ ಕೇಳಿದವನಿಗೆ ತಿಳಿಸಬೇಕು. ಕೇಳುವವನಿಗೂ ಹೊಣೆ ಇದೆ: ಅರ್ಹತೆ ಖಚಿತವಿಲ್ಲದವನನ್ನು, ಸಡಿಲ ಬಿಡುವವನೆಂದು ಹೆಸರಾದವನನ್ನು ಕೇಳಬಾರದು. 2019ರಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಹಲಾಲ್ ಲಾಭ ಎಂಬ ಮಾತನ್ನು ನಂಬಿ ಹಣ ಹಾಕಿದ್ದ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಆ ಕೊನೆಯ ನಿಯಮ ಓದುವಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಸುಲ್ತಾನ್ ಬೈಬರ್ಸ್ ತಾತಾರರ ವಿರುದ್ಧ ಯುದ್ಧಕ್ಕಾಗಿ ಜನರಿಂದ ಹಣ ಎತ್ತಲು ಫತ್ವಾ ಕೇಳಿದಾಗ ನವವಿ ಸಹಿ ಹಾಕಲಿಲ್ಲ ಎಂದು ಚರಿತ್ರೆಯ ಕಿತಾಬುಗಳಲ್ಲಿದೆ. ಮೊದಲು ನಿಮ್ಮ ಗುಲಾಮರ ಚಿನ್ನದ ಸೊಂಟಪಟ್ಟಿಗಳನ್ನೂ ಅರಮನೆಯ ದಾಸಿಯರ ಆಭರಣಗಳನ್ನೂ ಖರ್ಚು ಮಾಡಿ, ಅದು ಮುಗಿದ ಮೇಲೆ ಸಹಿ ಹಾಕುತ್ತೇನೆ ಎಂದರಂತೆ. ದಮಸ್ಕಸ್ ಸುತ್ತಲಿನ ತೋಟಗಳನ್ನು ಸರಕಾರ ಮುಟ್ಟುಗೋಲು ಹಾಕಿದಾಗಲೂ ಸುಲ್ತಾನರಿಗೆ ಪತ್ರ ಬರೆದರು. ಅದೇ ತೋಟಗಳ ಹಣ್ಣನ್ನು ಅವರು ತಿನ್ನುತ್ತಿರಲಿಲ್ಲ, ಆದರೆ ಒಡೆಯರ ಹಕ್ಕಿಗಾಗಿ ನಿಂತರು.

ಹಿಜರಿ 676ರಲ್ಲಿ, ಎರವಲು ತಂದಿದ್ದ ಕಿತಾಬುಗಳನ್ನೆಲ್ಲ ಹಿಂದಿರುಗಿಸಿ ನವಾಕ್ಕೆ ಮರಳಿದರು. ರಜಬ್ 24ರ ರಾತ್ರಿ ತಂದೆಯ ಮನೆಯಲ್ಲೇ ವಫಾತ್. ಆಗ ಪ್ರಾಯ 45. ಮಿನ್ಹಾಜ್ ಮತ್ತು ಅದರ ವ್ಯಾಖ್ಯಾನಗಳು ಇಂದಿಗೂ ಕೇರಳದಲ್ಲೂ ನಮ್ಮ ಕರಾವಳಿಯ ಪಳ್ಳಿ ದರ್ಸುಗಳಲ್ಲೂ ನಡೆಯುತ್ತಿವೆ. ಮಜ್‌ಮೂಅ್ ಮಾತ್ರ ಪೂರ್ತಿಯಾಗಲಿಲ್ಲ. ವ್ಯಾಪಾರದ ಭಾಗಕ್ಕೆ ಬಂದು, ಬಡ್ಡಿಯ ಅಧ್ಯಾಯದಲ್ಲಿ ಅವರ ಲೇಖನಿ ನಿಂತಿತ್ತು. ಮುಂದಿನ ಶತಮಾನದಲ್ಲಿ ಇಮಾಮ್ ತಖಿಯ್ಯುದ್ದೀನ್ ಸುಬ್ಕಿ, ಇದು ನನ್ನಿಂದಾಗುವ ಕೆಲಸವೇ ಎಂದು ಹಿಂಜರಿಯುತ್ತಲೇ, ಅಲ್ಲಿಂದ ಮುಂದಕ್ಕೆ ಬರೆಯತೊಡಗಿದರು. ಅವರಿಂದಲೂ ಮುಗಿಯಲಿಲ್ಲ.