ಕೆಜಿಎಫ್‌ಗೆ ಕರೆಂಟ್ ತಂದವರು ವಿಶ್ವೇಶ್ವರಯ್ಯನವರಾ?

ಹಾಗೊಂದು ಫಾರ್ವರ್ಡ್ ನಿಮಗೂ ಬಂದಿರಬಹುದು. ಆದರೆ ವಿಶ್ವೇಶ್ವರಯ್ಯ ಮೈಸೂರು ಸೇವೆಗೆ ಸೇರಿದ್ದೇ 1909ರಲ್ಲಿ. ಕೆಜಿಎಫ್‌ಗೆ ಕರೆಂಟ್ ಬಂದದ್ದು 1902ರಲ್ಲಿ!

ಶ್ರೇಯ ಸಲ್ಲಬೇಕಾದ್ದು ಕೆ. ಶೇಷಾದ್ರಿ ಅಯ್ಯರ್ ಅವರಿಗೆ. 1845ರಲ್ಲಿ ಪಾಲಕ್ಕಾಡ್ ಕಡೆ ಹುಟ್ಟಿದ ಇವರು 1883ರಿಂದ 1901ರವರೆಗೆ ಮೈಸೂರಿನ ದಿವಾನರು. ಬೆಂಗಳೂರಿಗೆ ಹೆಸರಘಟ್ಟದ ನೀರು ಬಂದದ್ದೂ ಇವರ ಕಾಲದಲ್ಲೇ.

ಆಗ ಚಿನ್ನದ ಗಣಿಯ ಯಂತ್ರಗಳು ಓಡುತ್ತಿದ್ದದ್ದು ಹಬೆಯಿಂದ. ಕಲ್ಲಿದ್ದಲು ದೂರದಿಂದ ಬಂಗಾರಪೇಟೆ ದಾಟಿ ರೈಲಿನಲ್ಲಿ ಬರಬೇಕಿತ್ತು. ಕಾವೇರಿಯೋ, ಶಿವನಸಮುದ್ರದಲ್ಲಿ ಸುಮ್ಮನೆ ಧುಮುಕುತ್ತಿದ್ದಳು. ಅಲ್ಲಿ ವಿದ್ಯುತ್ ತಯಾರಿಸಿ ಸುಮಾರು 147 ಕಿ.ಮೀ. ತಂತಿ ಎಳೆಯುವ ಇಂಜಿನಿಯರ್ ಲೋಟ್‌ಬಿನಿಯರ್ ಯೋಜನೆಗೆ ಅಯ್ಯರ್ ಬೆನ್ನೆಲುಬಾಗಿ ನಿಂತರು. ಅಷ್ಟುದ್ದದ ಲೈನ್ ಆಗ ಜಗತ್ತಿನಲ್ಲೇ ಅಪರೂಪ. (ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಅನ್ನುವುದು ಮಾತ್ರ ಸುಳ್ಳು, ಡಾರ್ಜಿಲಿಂಗ್‌ನಲ್ಲಿ 1897ರಲ್ಲೇ ಇತ್ತು.)

1902ರ ಜೂನ್‌ನಲ್ಲಿ ಗಣಿಗೆ ಕರೆಂಟ್ ಹರಿಯಿತು. ಅಯ್ಯರ್ ಹಿಂದಿನ ಸೆಪ್ಟೆಂಬರ್‌ನಲ್ಲೇ ತೀರಿಕೊಂಡಿದ್ದರು.