ಶಾಲೆ ತೊರೆದ ಗುರು

ರಾಯಚೂರಿನ ಬಳಿಯ ಚಂದ್ರಬಂಡದ ವಿದ್ಯಾರ್ಥಿಯೊಬ್ಬನಿಗೆ, ಮೊದಲು ಓದು, ಆಮೇಲೆ ರಾಜಕಾರಣವೆಂದು ಬುದ್ಧಿ ಹೇಳಹೊರಟ ನನಗೆ ಸ್ವಾಮಿ ರಮಾನಂದ ತೀರ್ಥರು ನೆನಪಾಗಿ ಮಾತು ತಡೆಯಿತು.

1903ರಲ್ಲಿ ಸಿಂದಗಿಯಲ್ಲಿ ಜನಿಸಿದ ವೆಂಕಟೇಶ ಖೇಡಗೀಕರರು ಅಸಹಕಾರ ಚಳವಳಿಯಲ್ಲಿ ಸರ್ಕಾರಿ ಶಾಲೆ ತೊರೆದರು. ಓದನ್ನು ತೊರೆಯಲಿಲ್ಲ, ಪುಣೆಯ ತಿಲಕ್ ವಿದ್ಯಾಪೀಠದಲ್ಲಿ ಎಂ.ಎ. ಮುಗಿಸಿ, ನಿಜಾಮನ ಸೀಮೆಯಲ್ಲಿ ಅಧ್ಯಾಪಕರಾದರು, ಸಂನ್ಯಾಸಿಯಾದರು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹದಲ್ಲಿ ಸೆರೆಯಾದರು. ಅದೇ ವರ್ಷ ವಂದೇ ಮಾತರಂ ಹಾಡಿದ ಉಸ್ಮಾನಿಯಾ ವಿದ್ಯಾರ್ಥಿಗಳು ಉಚ್ಚಾಟಿತರಾದರು. ನಾಗಪುರ ವಿಶ್ವವಿದ್ಯಾಲಯ ಅವರಿಗೆ ಆಸರೆಯಾಯಿತು. ಅವರಲ್ಲೊಬ್ಬರಾದ ಪಿ.ವಿ. ನರಸಿಂಹರಾಯರು 1991ರಲ್ಲಿ ಪ್ರಧಾನಿಯಾದರು. 1947ರಲ್ಲಿ ಸ್ವಾಮಿಗಳು ಮತ್ತೆ ಸೆರೆಮನೆ ಸೇರಿದರು. ಸಂಸ್ಥಾನದ ವಿದ್ಯಾರ್ಥಿಗಳು ತರಗತಿ ತೊರೆದು ಹೋರಾಟಕ್ಕಿಳಿದರು. 1948ರ ಸೆಪ್ಟೆಂಬರ್ 17ರಂದು ನಾಡು ಬಿಡುಗಡೆಯಾಯಿತು. ಸ್ವಾಮಿಗಳು 1972ರಲ್ಲಿ ತೀರಿಕೊಂಡರು.

ಆ ಹುಡುಗನಿಗೆ ಕೊನೆಗೆ ಇಷ್ಟೇ ಹೇಳಿದೆ: ತರಗತಿ ಬಿಡುವುದಾದರೆ ಕಾರಣ ಅಷ್ಟು ದೊಡ್ಡದಿರಲಿ, ಪುಸ್ತಕವನ್ನಂತೂ ಬಿಡಬೇಡ.